ಸಿಲಿಕಾನ್ ಬಳಿದರೂ ಮೋಟರ್‌ಹೋಂ ಸೋರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಅಮೆರಿಕದ ಆರೆಗಾನ್‌ನಲ್ಲಿದ್ದೇವೆ. ಫೋರ್ಡ್ ಇ-350 ಚಾಸಿ ಮೇಲೆ ಕಟ್ಟಿದ 1997ರ ಮೋಟರ್‌ಹೋಂ ಕೊಂಡಿದ್ದೇವೆ. ಡ್ರೈವರ್ ತಲೆ ಮೇಲಿನ ಅಟ್ಟದಲ್ಲಿ ಮಕ್ಕಳು ಮಲಗುತ್ತಾರೆ. ಮಳೆ ಬಂದರೆ ಅಲ್ಲಿ ಹಾಸಿಗೆಯ ಮೂಲೆ ನೆನೆಯುತ್ತದೆ. ಮೇಲೆ ಹತ್ತಿ, ಕಂಡ ಬಿರುಕಿಗೆಲ್ಲ ಎರಡೆರಡು ಸಲ ಸಿಲಿಕಾನ್ ಬಳಿದೆ, ನಿಂತಿಲ್ಲ. ಇಡೀ ಚಾವಣಿಯನ್ನೇ ಬದಲಿಸಬೇಕಾ?

ಉತ್ತರ: ಬಹುಶಃ ಬೇಡ. ಆದರೆ ನೀವು ಬಳಿದ ಸಿಲಿಕಾನ್ ಅಷ್ಟನ್ನೂ ಕೀಳಬೇಕು. ಈ ಕೆಲಸದ ಮುಕ್ಕಾಲು ಪಾಲು ಬೇಸರ ಇರುವುದೇ ಅದರಲ್ಲಿ.

ಸಿಲಿಕಾನ್ ಬಚ್ಚಲುಮನೆಗೆ ಸರಿ, ಅದು ಕದಲುವುದಿಲ್ಲ. ನಿಮ್ಮದು ರಸ್ತೆಯಲ್ಲಿ ಓಡುವ ಮನೆ, ಒಂದೊಂದು ಗುಂಡಿಗೂ ಅದರ ಮೈ ಚೂರು ಚೂರೇ ತಿರುಚಿಕೊಳ್ಳುತ್ತದೆ. ಆ ಕಾಲದ ಅನೇಕ ಗಾಡಿಗಳ ಚಾವಣಿ ಇಪಿಡಿಎಂ ಎಂಬ ರಬ್ಬರ್ ಹಾಳೆ. ಅದಕ್ಕೆ ಸಿಲಿಕಾನ್ ನೆಟ್ಟಗೆ ಅಂಟುವುದಿಲ್ಲ, ಅಂಚು ಏಳುತ್ತದೆ, ಅದರ ಕೆಳಗೆ ನೀರು ನುಗ್ಗುತ್ತದೆ. ಇನ್ನೊಂದು ತಾಪತ್ರಯ, ಒಣಗಿದ ಸಿಲಿಕಾನ್ ಮೇಲೆ ಬೇರೆ ಯಾವುದೂ ನೆಟ್ಟಗೆ ಹಿಡಿಯುವುದಿಲ್ಲ, ಹೊಸ ಸಿಲಿಕಾನ್ ಕೂಡ. ನಿಮ್ಮ ಎರಡನೇ ಪ್ರಯತ್ನ ಮೊದಲನೆಯದರ ಮೇಲೆ ಸುಮ್ಮನೆ ಕೂತಿದೆ, ಅಷ್ಟೆ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಮುಂದಿನ ಮಾತು ಹೊಸದಲ್ಲ. ಹೆಂಚು ಒಡೆದದ್ದು ಒಂದು ಕಡೆ, ನೀರು ಪಕಾಸಿನ ಗುಂಟ ಇಳಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಮೋಟರ್‌ಹೋಂ ಗೋಡೆಯೊಳಗೂ ಮರದ ಪಟ್ಟಿ, ಥರ್ಮೋಕೋಲ್‌ನಂಥ ಫೋಮ್, ತೆಳು ಪ್ಲೈವುಡ್ ಇರುತ್ತವೆ. ನೀರು ಪಟ್ಟಿ ಹಿಡಿದು ಹೊರಟರೆ ಎಲ್ಲಿ ಹೊರಬರುತ್ತದೋ ಹೇಳಲಾಗದು. ಹಾಸಿಗೆ ನೆನೆದ ಮೂಲೆಯ ನೇರ ಮೇಲೆಯೇ ತೂತು ಹುಡುಕಬೇಡಿ.

ಅದಕ್ಕೂ ಮೊದಲು ಒಂದು ಅನುಮಾನ ತೀರಿಸಿಕೊಳ್ಳಿ. ಮಳೆಯಿಲ್ಲದ ಚಳಿ ರಾತ್ರಿ ಕಳೆದ ಮೇಲೂ ಹಾಸಿಗೆಯ ಅಡಿ ಒದ್ದೆಯಾಗಿದೆಯಾ? ಆಗಿದ್ದರೆ ಅದು ಸೋರಿಕೆಯಲ್ಲ, ಉಸಿರಿನ ಮತ್ತು ಅಡುಗೆಯ ಆವಿ ತಣ್ಣನೆಯ ಹಲಗೆಗೆ ತಾಗಿ ನೀರಾದದ್ದು. ಹಾಸಿಗೆಯಡಿ ಗಾಳಿಯಾಡುವಂತೆ ಪಟ್ಟಿ ಜೋಡಿಸಿ, ಮೇಲಿನ ವೆಂಟ್ ಸ್ವಲ್ಪ ತೆರೆದಿಟ್ಟರೆ ಮುಗಿಯಿತು. ನಾನೇ ಒಂದು ಇಡೀ ಚಳಿಗಾಲ ಇಲ್ಲದ ತೂತು ಹುಡುಕಿದ್ದೇನೆ.

ಮಳೆಯದೇ ನೀರಾದರೆ, ಅಟ್ಟವಿರುವ ಗಾಡಿಗಳಲ್ಲಿ ಸಂಶಯದ ಜಾಗ ಮೂರು: ಹಣೆಯ ಮೇಲಿನ ಐದು ಹಳದಿ ದೀಪ, ಅಟ್ಟದ ಮುಂಗಿಟಕಿ, ಮೂಲೆಗಳ ಅಲ್ಯೂಮಿನಿಯಂ ಪಟ್ಟಿ. ಪಟ್ಟಿಯ ಮೇಲೇ ನನ್ನ ಕಣ್ಣು. ಅದರ ನಡುವಿನ ಪ್ಲಾಸ್ಟಿಕ್ ರಿಬ್ಬನ್ ಎಳೆದು ನೋಡಿ, ಸಾಲಾಗಿ ಸ್ಕ್ರೂಗಳು ಸಿಗುತ್ತವೆ. ತುಕ್ಕು ಹಿಡಿದಿದ್ದರೆ, ಅಥವಾ ತಿರುಗಿಸಿದರೆ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ, ನೀರು ಅಲ್ಲಿಂದಲೇ ಒಳಗೆ ಹೋಗಿದೆ, ಒಳಗಿನ ಮರವೂ ಮೆತ್ತಗಾಗಿದೆ.

ಖಾತ್ರಿಗೆ ಹೋಸ್ ಪರೀಕ್ಷೆ ಮಾಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ಮೆಲ್ಲನೆ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗಕ್ಕೂ ಹತ್ತು ನಿಮಿಷ. ಮೇಲಿಂದ ಬಿಟ್ಟರೆ ಎಲ್ಲ ಸಂದಿನ ಮೇಲೂ ನೀರು ಹರಿದು ಏನೂ ಗೊತ್ತಾಗುವುದಿಲ್ಲ. ಇದಕ್ಕಿಂತ ಚುರುಕಾದದ್ದು ಗಾಳಿಯ ಪರೀಕ್ಷೆ. ಗ್ಯಾಸ್ ಪೂರ್ತಿ ಬಂದ್ ಮಾಡಿ, ಕಿಟಕಿ ಬಾಗಿಲು ಮುಚ್ಚಿ, ಎಲೆ ಊದುವ ಬ್ಲೋವರ್‌ನಿಂದ ವೆಂಟ್ ಮೂಲಕ ಒಳಗೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಚಿಮುಕಿಸಿ. ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ಬ್ಲೋವರ್ ಕಡಿಮೆ ವೇಗದಲ್ಲಿರಲಿ.

ಇನ್ನು ರಿಪೇರಿ. ಪಟ್ಟಿ ಬಿಚ್ಚಿ, ಹಳೆಯ ಮೇಣವನ್ನೂ ಸಿಲಿಕಾನನ್ನೂ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಲೋಹದ ಚಾಕು ರಬ್ಬರ್ ಹರಿಯುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಜಾತಿಯ ಯಾವುದನ್ನೂ ಇಪಿಡಿಎಂಗೆ ತಾಗಿಸಬೇಡಿ, ಅದು ಉಬ್ಬುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಪಟ್ಟಿಯ ಬೆನ್ನಿಗೆ ಹೊಸ ಬ್ಯುಟೈಲ್ ಟೇಪ್ (ಮೆತ್ತನೆಯ ಜಿಗುಟು ರಬ್ಬರ್ ಪಟ್ಟಿ) ಹಚ್ಚಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಬಿಗಿಮಾಡಿದಂತೆ ಟೇಪ್ ಹೊರಗೆ ಉಬ್ಬಿ ಬರಬೇಕು. ಮರುದಿನ ಇನ್ನೊಮ್ಮೆ ಬಿಗಿಮಾಡಿ, ಉಬ್ಬಿದ್ದನ್ನು ಕತ್ತರಿಸಿ. ನೀರು ತಡೆಯುವುದು ಈ ಟೇಪೇ, ಮೇಲೆ ಹಚ್ಚುವ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ಬರೀ ಬೆಂಬಲಕ್ಕೆ.

ಸೀಲೆಂಟ್‌ನಲ್ಲಿ ಎರಡು ಬಗೆ. ಮಟ್ಟಸವಾದ ಚಾವಣಿಗೆ ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್, ನಿಂತ ಗೋಡೆಗೆ ಜಾರದ ಬಗೆಯದು. ಅದಲುಬದಲಾದರೆ ಗೋಡೆಯಿಂದ ಪಾಯಸದ ಹಾಗೆ ಇಳಿಯುತ್ತದೆ. ಒಣ ದಿನ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದಾಗ ಮಾಡಿ. ಆರೆಗಾನ್ ಪಡುವಣದಲ್ಲಿದ್ದರೆ ಅಂಥ ದಿನ ಹೆಚ್ಚಾಗಿ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಟಾರ್ಪಾಲಿನ್ ಹೊದಿಸಿ.

ಹಚ್ಚುವ ಮುಂಚೆ ಮರ ಒಣಗಿರಲೇಬೇಕು. ಒಳಗಿನ ಹಲಗೆಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ರಸ್ಕಿನ ಹಾಗೆ ಒಳಗೆ ಇಳಿದರೆ ಅದಕ್ಕೆ ಅಂಟಿನ ಮದ್ದಿಲ್ಲ, ಕತ್ತರಿಸಿ ಹೊಸ ಮರ ಕೂರಿಸಬೇಕು. ಗಟ್ಟಿಯಾಗಿದ್ದರೆ ಫ್ಯಾನ್ ಹಚ್ಚಿ ವಾರಗಟ್ಟಲೆ ಒಣಗಿಸಿ. ಚುಚ್ಚುವ ತೇವಮಾಪಕ ದುಬಾರಿಯಲ್ಲ, ಅದರಲ್ಲಿ ಶೇ. 15ಕ್ಕಿಂತ ಕೆಳಗೆ ಬಂದ ಮೇಲೆ ಮುಚ್ಚಿ. ಬೂಷ್ಟು ಕಂಡರೆ ಎನ್95 ಮಾಸ್ಕ್ ಹಾಕಿ, ಅದು ಹೋಗುವವರೆಗೆ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ.

ಇಡೀ ಚಾವಣಿ ಬದಲಿಸುವ ಪ್ರಶ್ನೆ ಬರುವುದು ಕೈಯೂರಿದರೆ ಹಲಗೆ ಕುಸಿಯುವಾಗ, ಇಲ್ಲವೇ ಬಿಳಿ ರಬ್ಬರ್ ಸವೆದು ಅಡಿಯ ಕಪ್ಪು ಪದರ ಅಲ್ಲಲ್ಲಿ ಇಣುಕುವಾಗ. ಗೋಡೆ ಮೇಲೆ ಇಳಿಯುವ ಬಿಳಿ ಗೆರೆಗೆ ಹೆದರಬೇಡಿ, ಹಳೆಯ ರಬ್ಬರ್ ಪುಡಿ ಬಿಡುವುದು ಸಹಜ.

ಹೇಗೂ ದೀಪ ಬಿಚ್ಚುತ್ತೀರಿ, ಆ ಐದನ್ನೂ ಎಲ್‌ಇಡಿಗೆ ಬದಲಿಸಿಬಿಡಿ, ಹಳೆಯ ಪ್ಲಾಸ್ಟಿಕ್ ಬಿಸಿಲಿಗೆ ಸಿಡಿದಿರುತ್ತದೆ. ಕೂರಿಸಿದ ಮೇಲೆ ಮೇಲಂಚಿಗೆ, ಎರಡೂ ಪಕ್ಕಕ್ಕೆ ಮಾತ್ರ ಸೀಲೆಂಟ್ ಹಚ್ಚಿ. ಕೆಳಗಿನ ಅಂಚು ತೆರೆದೇ ಇರಲಿ, ಹೇಗೋ ಒಳಹೊಕ್ಕ ನೀರು ಮಕ್ಕಳ ಹಾಸಿಗೆ ಕಡೆಗೆ ತಿರುಗದೆ ಅಲ್ಲಿಂದಲೇ ಹೊರಗೆ ಹೋಗುತ್ತದೆ.