ರೂಢಿ ಕಾನೂನಾಗುವುದು ಯಾವಾಗ? ನಾನು ಎಡವಿದ ಜಾಗ

ಅಂತರರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ 38(1)(ಬಿ), ಅಂದರೆ ದೇಶಗಳ ರೂಢಿಯನ್ನೂ ಕಾನೂನು ಎಂದು ಒಪ್ಪುವ ವಿಧಿ, ಕಾನೂನು ಓದುವವರಿಗೆಲ್ಲ ಬಾಯಿಪಾಠ ಇರುತ್ತದೆ. ರೂಢಿಗತ ಕಾನೂನಿಗೆ ಎರಡು ಬೇಕು. ದೇಶಗಳು ಹಾಗೇ ನಡೆದುಕೊಂಡು ಬಂದಿರಬೇಕು, ಅದು ಕಾನೂನು ಎಂದು ನಂಬಿ ನಡೆದಿರಬೇಕು. ಈ ನಂಬಿಕೆಯೇ ಒಪೀನಿಯೊ ಜೂರಿಸ್. ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ದೇಶದ ನಂಬಿಕೆಯನ್ನು ಎಲ್ಲಿ ಹುಡುಕೋದು?

ಗಂಟು ಬಿಚ್ಚಿದ್ದು ನಮ್ಮದೇ ಕೇಸು: ಭಾರತದ ವಿರುದ್ಧ ಪೋರ್ಚುಗಲ್ ಹೂಡಿದ್ದು, ತೀರ್ಪು 1960. ಪೋರ್ಚುಗೀಸರ ದಮನ್ ಕಡಲ ಬದಿಗಿತ್ತು. ಅವರದೇ ದಾದ್ರಾ ಮತ್ತು ನಗರ್ ಹವೇಲಿ ಒಳನಾಡಿನಲ್ಲಿ, ಸುತ್ತ ಭಾರತದ ನೆಲ. ನಡುವೆ ಓಡಾಡುವ ಹಕ್ಕು ನಮಗಿದೆ ಎಂದು ಪೋರ್ಚುಗಲ್ ವಾದಿಸಿತು.

ಕೋರ್ಟು ಈ ಓಡಾಟವನ್ನು ಎರಡು ಪಾಲು ಮಾಡಿತು. ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು, ಸರಕು: ಇವು 125 ವರ್ಷಕ್ಕೂ ಜಾಸ್ತಿ ಕಾಲ ಸಲೀಸಾಗಿ ಹೋಗಿಬಂದಿದ್ದವು. ಇದು ಹಕ್ಕು. ಸೈನಿಕರು, ಸಶಸ್ತ್ರ ಪೊಲೀಸರು, ಮದ್ದುಗುಂಡು ಸಹ ಹೋಗಿದ್ದುಂಟು, ಆದರೆ ಬ್ರಿಟಿಷರ ಅನುಮತಿಯ ಮೇಲೆ. ಇದು ಹಕ್ಕಲ್ಲ. ಅದೇ ನೆಲ, ಅದೇ ಎರಡು ಕಡೆಯವರು, ಉತ್ತರ ಮಾತ್ರ ಬೇರೆ!

ಅಂದಿನಿಂದ ಯಾವ ಕೇಸು ಓದಿದರೂ ನಾನು ಕೇಳುವ ಪ್ರಶ್ನೆ ಒಂದೇ: ಕೇಳಿ ಹೋದರೋ, ಕೇಳದೆ ಹೋದರೋ? ಅನುಮತಿ ಕೇಳುವವನು ತನಗೆ ಹಕ್ಕಿದೆ ಎಂದು ನಂಬಿರುವುದಿಲ್ಲ, ಅಲ್ವಾ? ನಂಬಿಕೆ ನಡತೆಯಲ್ಲೇ ಕಾಣುತ್ತದೆ.

ಇಲ್ಲಿ ಇನ್ನೊಂದು ಗೊಂದಲ. ಸರಕಿನ ಮೇಲೂ ಭಾರತದ ನಿಯಂತ್ರಣ ಇತ್ತಲ್ಲ, ಅದೂ ಅನುಮತಿಯೇ ತಾನೆ? ಅಲ್ಲ. ಹೇಗೆ ಹೋಗಬೇಕು ಎಂದು ಹೇಳುವುದು ನಿಯಂತ್ರಣ. ಹೋಗಬಹುದೋ ಬಾರದೋ ಎಂದು ತೀರ್ಮಾನಿಸುವುದು ಅನುಮತಿ. ಈ ನಿಯಂತ್ರಣದ ಅಧಿಕಾರ ಇದ್ದದ್ದರಿಂದಲೇ, 1954ರ ಉದ್ವಿಗ್ನ ಸ್ಥಿತಿಯಲ್ಲಿ ಭಾರತ ಓಡಾಟ ತಡೆದದ್ದು ತಪ್ಪಲ್ಲ ಎಂದು ಕೋರ್ಟು ಹೇಳಿತು.

ಸುಮ್ಮನಿದ್ದರೂ ಇದೇ ಪರೀಕ್ಷೆ. 1926ರಲ್ಲಿ ಫ್ರಾನ್ಸಿನ ಲೋಟಸ್ ಹಡಗು ತುರ್ಕಿಯ ಹಡಗಿಗೆ ಡಿಕ್ಕಿ ಹೊಡೆದು 8 ಜನ ತುರ್ಕರು ಸತ್ತರು. ತುರ್ಕಿ ಲೋಟಸ್‌ನ ಫ್ರೆಂಚ್ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಿತು. ಇಂಥ ಸಂದರ್ಭದಲ್ಲಿ ಹಡಗಿನ ಸ್ವಂತ ದೇಶ ಬಿಟ್ಟು ಬೇರೆ ದೇಶಗಳು ಮೊಕದ್ದಮೆ ಹೂಡುವುದು ಅಪರೂಪ ಎಂದು ಫ್ರಾನ್ಸ್ ವಾದಿಸಿತು. ಹೂಡದೇ ಇದ್ದದ್ದು ಹೂಡಬಾರದು ಎಂಬ ಕರ್ತವ್ಯಪ್ರಜ್ಞೆಯಿಂದಲೇ ಎಂದು ತೋರಿಸಿ ಎಂದಿತು ಅಂದಿನ ಅಂತರರಾಷ್ಟ್ರೀಯ ಕೋರ್ಟಿನ 1927ರ ತೀರ್ಪು.

ಇನ್ನು ವಿದ್ವಾಂಸರ ಜಗಳ. ಮೊದಲೇ ಕಾನೂನು ಎಂದು ನಂಬಿರಬೇಕು ಅಂದರೆ ಹೊಸ ರೂಢಿ ಹುಟ್ಟುವುದು ಹೇಗೆ? 1965ರಲ್ಲಿ ಬಿನ್ ಚೆಂಗ್ ಬಾಹ್ಯಾಕಾಶದ ನಿಯಮಗಳ ವಿಷಯದಲ್ಲಿ, ನಂಬಿಕೆ ಸ್ಪಷ್ಟವಾಗಿದ್ದರೆ ವರ್ಷಗಟ್ಟಲೆ ನಡತೆ ಬೇಕಿಲ್ಲ ಎಂದರು. 1987ರಲ್ಲಿ ಕಿರ್ಗಿಸ್ ತಕ್ಕಡಿಯಂತೆ ನೋಡಿದರು: ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚಿರಲಿ. ನನಗೆ ಕಿರ್ಗಿಸ್ ಹತ್ತಿರ. ಚೆಂಗ್ ಮಾತು ಒಪ್ಪಲು ಆಗುತ್ತಿಲ್ಲ. ದಮನ್ ದಾರಿಯಲ್ಲಿ ನಡತೆಯನ್ನು ತೆಗೆದುಬಿಟ್ಟರೆ ನಂಬಿಕೆಗೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ.