ಡಾಲಿ ಹಡಗು, ನಾಲ್ಕು ನಿಮಿಷ: ಪೋರ್ಟ್ ಕಂಟಿಂಜೆನ್ಸಿ ಪ್ಲಾನ್ ನೋಟ್ಸ್

ಕಂಟಿಂಜೆನ್ಸಿ ಪ್ಲಾನ್ (ಏನಾದ್ರೂ ಕೆಟ್ಟರೆ ಯಾರು ಏನ್ ಮಾಡ್ಬೇಕು ಅಂತ ಮೊದ್ಲೇ ಬರೆದಿಡೋ ಯೋಜನೆ) ಡೆಫಿನಿಷನ್ ಬಾಯಿಪಾಠ ಮಾಡಿದ್ರೆ ಏನೂ ತಲೆಗೆ ಹೋಗಲ್ಲ, ನಂಗೂ ಹೋಗಿರ್ಲಿಲ್ಲ. ಡಾಲಿ ಕೇಸ್ ಓದಿದ್ಮೇಲೆ ಸ್ವಲ್ಪ ಬಿಡಿಸ್ಕೊಂತು, ಅದನ್ನೇ ಬರೀತೀನಿ.

2024 ಮಾರ್ಚ್ 26, ಅಮೆರಿಕದ ಬಾಲ್ಟಿಮೋರ್. ಸುಮಾರು 300 ಮೀಟರ್ ಉದ್ದದ ಕಂಟೇನರ್ ಹಡಗು, ಸಿಬ್ಬಂದಿಯಲ್ಲಿ ಬಹುಪಾಲು ನಮ್ಮ ಭಾರತದವ್ರೇ. ಬರ್ತ್‌ನಿಂದ (ಹಡಗು ಕಟ್ಟಿ ನಿಲ್ಸೋ ಜಾಗ) ಹೊರಗೆ ತಂದ ಎರಡು ಟಗ್‌ಗಳು (ದೊಡ್ಡ ಹಡಗು ಎಳೆಯೋ, ತಳ್ಳೋ ಸಣ್ಣ ಬೋಟು) ಚಾನೆಲ್‌ಗೆ (ಹಡಗು ಸಾಗೋ ನೀರಿನ ದಾರಿ) ಬಿಟ್ಟು ವಾಪಸ್ ಹೋಗಿದ್ವು. ರಾತ್ರಿ 1:25ಕ್ಕೆ ಕರೆಂಟ್ ಹೋಯ್ತು, ಮೇನ್ ಎಂಜಿನ್ನೂ ಆಫ್. ಎಮರ್ಜೆನ್ಸಿ ಜನರೇಟರ್ ಇರ್ಲಿಲ್ವಾ ಅಂತೀರಾ, ಇತ್ತು, ಆದ್ರೆ ಅದು ಪ್ರೊಪೆಲ್ಲರ್ ತಿರುಗಿಸೋಕಲ್ಲ, ಪ್ರೊಪೆಲ್ಲರ್ ತಳ್ಳೋ ನೀರು ಮೇಲೆ ಬೀಳದೆ ರಡ್ಡರ್ (ಚುಕ್ಕಾಣಿ) ಎಷ್ಟು ತಿರುಗಿಸಿದ್ರೂ ಹಡಗು ಅಷ್ಟಾಗಿ ಮಾತು ಕೇಳಲ್ಲ. ಪೈಲಟ್ (ಬಂದರಿನ ದಾರಿ ತೋರ್ಸೋಕೆ ಹಡಗು ಹತ್ತೋ ಸ್ಥಳೀಯ ಪರಿಣತ) ಟಗ್ ಕರೆದ್ರು, ಅವು ದೂರ ಇದ್ವು. ಆಂಕರ್ ಬಿಡ್ಸಿದ್ರು, ಲಕ್ಷ ಟನ್ ಮೀರಿದ ಭಾರ ಅಷ್ಟು ಬೇಗ ಎಲ್ಲಿ ನಿಲ್ಲತ್ತೆ? 1:29ಕ್ಕೆ ಫ್ರಾನ್ಸಿಸ್ ಸ್ಕಾಟ್ ಕೀ ಬ್ರಿಡ್ಜ್‌ನ ಕಂಬಕ್ಕೆ ಗುದ್ದಿ ಸೇತುವೆ ಕುಸೀತು.

ಕರೆಂಟ್ ಹೋಗಿದ್ದಕ್ಕೆ ಮೂಲ ಏನ್ ಗೊತ್ತಾ, ಒಂದು ಸಣ್ಣ ವೈರ್, ಅದರ ಲೇಬಲ್ ಅಡ್ಡ ಬಂದು ಟರ್ಮಿನಲ್ (ವೈರ್ ಸಿಕ್ಕಿಸೋ ಜಾಗ) ಒಳಗೆ ಪೂರ್ತಿ ಕೂತಿರ್ಲಿಲ್ಲ ಅಂತ ತನಿಖೆ ಹೇಳ್ತು.

ಕಂಬದ ವಿಷ್ಯ: 1980ರಲ್ಲಿ ಇದೇ ಸೇತುವೆಗೆ ಇನ್ನೊಂದು ಹಡಗು ಗುದ್ದಿತ್ತು, ಚಿಕ್ಕದು, ಸಣ್ಣಪುಟ್ಟ ಹಾನಿ ಅಷ್ಟೇ. ಅದೇ ವರ್ಷ ಫ್ಲೋರಿಡಾದ ಸನ್‌ಶೈನ್ ಸ್ಕೈವೇ ಸೇತುವೆ ಹಡಗು ಗುದ್ದಿ ಬಿದ್ದು 35 ಜನ ಸತ್ರು, ಅಲ್ಲಿ ಹೊಸ ಸೇತುವೆ ಕಟ್ಟುವಾಗ ಕಂಬಗಳ ಸುತ್ತ ಡಾಲ್ಫಿನ್ ಹಾಕಿದ್ರು (ಮೀನಲ್ಲ ಮಾರಾಯ್ರೇ, ಹಡಗು ತಡೆಯೋ ಕಾಂಕ್ರೀಟ್ ದಿಮ್ಮಿ). ಬಾಲ್ಟಿಮೋರ್‌ನಲ್ಲಿ ಹಡಗು ದೊಡ್ಡದಾಗ್ತಾ ಹೋಯ್ತು, ಕಂಬದ ರಕ್ಷಣೆ ಹಳೇದೇ ಉಳೀತು.

ನಂಗೆ ಜಾಸ್ತಿ ಕಾಡಿದ್ದು ಫೋನ್ ಸರಪಳಿ. ಪೈಲಟ್ ಹೇಳಿದ್ದು ಡಿಸ್ಪ್ಯಾಚರ್‌ಗೆ (ಕರೆ ತಗೊಂಡು ಸುದ್ದಿ ದಾಟಿಸೋವ್ರು), ಅಲ್ಲಿಂದ ಸೇತುವೆ ಪೊಲೀಸ್ರಿಗೆ, ಅವ್ರು ಎರಡೂ ಕಡೆ ಗಾಡಿ ನಿಲ್ಸಿದ್ರು, ಪ್ಲಾನ್‌ನ ಈ ಭಾಗ ಚೆನ್ನಾಗೇ ನಡೀತು. ಆದ್ರೆ ಸೇತುವೆ ಮೇಲೆ ಗುಂಡಿ ಮುಚ್ತಿದ್ದ ಕೆಲಸಗಾರ್ರಿಗೆ ನೇರ ಸುದ್ದಿ ಮುಟ್ಟಿಸೋ ದಾರಿ ಸರಪಳಿಲಿ ಇರ್ಲೇ ಇಲ್ಲ, ಆರು ಜನ ಸತ್ರು. ಪೊಲೀಸ್ರಿಗೆ ತಿಳಿದಾಗ್ಲೇ ಇವ್ರಿಗೂ ತಿಳಿದಿದ್ರೆ ಬೀಳದ ಭಾಗಕ್ಕೆ ಗಾಡಿ ಓಡಿಸ್ಕೊಂಡು ಹೋಗೋಷ್ಟು ಟೈಮ್ ಇದ್ದಿರಬಹುದು ಅಂತ ತನಿಖೆಯವ್ರ ಲೆಕ್ಕ. ಎಕ್ಸಾಮಲ್ಲಿ ಕಮ್ಯುನಿಕೇಷನ್ ಫ್ಲೋಚಾರ್ಟ್ ಬರೀರಿ ಅಂದ್ರೆ ಪೈಲಟ್, ಟಗ್, ಪೋರ್ಟ್, ಪೊಲೀಸ್ ಅಂತ ನಿಲ್ಲಿಸ್ಬೇಡಿ, ಆ ಹೊತ್ತಲ್ಲಿ ಸೇತುವೆ ಮೇಲೆ ಯಾರಿದಾರೆ ಅನ್ನೋ ಡಬ್ಬಿನೂ ಹಾಕಿ.