ಅಜ್ಜನ ಕ್ಯೂಗೆ ಪಾಲಿಶ್ ಹೊಡೆಸುವ ಮುನ್ನ

ದಸರಾ, ದೀಪಾವಳಿಯ ಆಸುಪಾಸಿನಲ್ಲಿ ಮನೆಗಳಿಗೆ ಸುಣ್ಣಬಣ್ಣ ಆಗುತ್ತದೆ, ಅಟ್ಟದ ಸಾಮಾನು ಕೆಳಗಿಳಿಯುತ್ತದೆ. ಆಗ ನನ್ನ ಫೋನಿಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಸಾರ್, ನಮ್ಮಜ್ಜನ ಬಿಲಿಯರ್ಡ್ಸ್ ಕೋಲು ಸಿಕ್ಕಿದೆ. ಕಪ್ಪಾಗಿಬಿಟ್ಟಿದೆ. ಪಾಲಿಶ್ ಹೊಡೆಸೋಕೆ ಎಷ್ಟಾಗುತ್ತೆ?’ ಬೆಂಗಳೂರಿನಲ್ಲಿ ಕ್ಯೂ, ಅಂದರೆ ಇಂಥ ಕೋಲುಗಳ ರಿಪೇರಿ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ನನ್ನ ಉತ್ತರವೂ ಬದಲಾಗಿಲ್ಲ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಬೇರೇನೂ ಮಾಡದೆ ಹಾಗೇ ತನ್ನಿ.

ಇಂಥ ಕೋಲುಗಳು ನಮ್ಮ ಕಡೆ ಸಿಗುವುದು ಆಶ್ಚರ್ಯವೇನಲ್ಲ. ಬಿಲಿಯರ್ಡ್ಸ್ ಟೇಬಲ್ಲಿನ ಮೇಲೆಯೇ ಆಡುವ ಸ್ನೂಕರ್ ಹುಟ್ಟಿದ್ದೇ ಈ ದೇಶದಲ್ಲಿ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಅಧಿಕಾರಿ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿದರು. ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ, ಮೈಸೂರಿನಿಂದ ಅರ್ಧ ದಿನದ ದಾರಿಯಾದ ಊಟಿಯ ಕ್ಲಬ್ಬಿನಲ್ಲಿ. ದಂಡು ಪ್ರದೇಶದ ಕ್ಲಬ್ಬುಗಳು, ಕೊಡಗು, ಚಿಕ್ಕಮಗಳೂರಿನ ಪ್ಲಾಂಟರ್‌ಗಳ ಕ್ಲಬ್ಬುಗಳು, ಎಸ್ಟೇಟ್ ಬಂಗಲೆಗಳು, ಎಲ್ಲ ಕಡೆ ಟೇಬಲ್ ಇತ್ತು, ಗೋಡೆಗೆ ಕ್ಯೂ ಸ್ಟ್ಯಾಂಡ್ ಇತ್ತು. ದೊರೆಗಳು ಹೊರಟಮೇಲೆ ಟೇಬಲ್ಲಿನ ಸ್ಲೇಟ್ ಕಲ್ಲು ಎತ್ತಲಾಗದೆ ಅಲ್ಲೇ ಉಳಿಯಿತು, ಕೋಲುಗಳು ಆಟದ ಅಂಕ ಬರೆದಿಡುತ್ತಿದ್ದ ಮಾರ್ಕರ್, ಬಟ್ಲರ್, ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ರೈಟರ್‌ಗಳ ಮನೆ ಸೇರಿದವು.

ಹೋದ ವರ್ಷ ಚಿಕ್ಕಮಗಳೂರು ಕಡೆಯ ಒಬ್ಬ ಹೆಣ್ಣುಮಗಳು ತಂದ ಕ್ಯೂ ಹಾಗೆ ಬಂದದ್ದು. ಅವರ ಅಜ್ಜ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಹಳೇ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮೊಣಕಾಲ ನಡುವೆ ನಿಲ್ಲಿಸಿಕೊಂಡು ಬಂದಿದ್ದರು. ‘ಮನೆಯವರು ಇದನ್ನ ಕರ್ಟನ್ ರಾಡ್ ಮಾಡೋಣ ಅಂದ್ರು ಸಾರ್, ನಂಗೆ ಮನಸ್ಸು ಬರಲಿಲ್ಲ’ ಎಂದರು. ಪಂಚೆ ಬಿಚ್ಚಿದಾಗ ಹೊಗೆಯ ವಾಸನೆ ಬಂತು. ಒಲೆಯ ಮೇಲಿನ ಅಟ್ಟದಲ್ಲಿತ್ತಂತೆ.

ಕೋಲಿನ ದಪ್ಪ ತುದಿಗೆ ಬಟ್ ಎನ್ನುತ್ತೇವೆ. ಹಳೆಯ ಇಂಗ್ಲಿಷ್ ಕ್ಯೂಗಳಲ್ಲಿ ಬಟ್ಟಿನ ಒಂದು ಪಕ್ಕವನ್ನು ಚಪ್ಪಟೆಯಾಗಿ ಕೆತ್ತಿ, ಅಲ್ಲಿ ಬೆರಳಗಲದ ಬ್ಯಾಡ್ಜ್ ಕೂರಿಸುತ್ತಿದ್ದರು. ಮಸಿಯ ಕೆಳಗೆ ಅದು ಇತ್ತು. ಕಾಟನ್ ಬಡ್ಡನ್ನು ತುಸುವೇ ಒದ್ದೆ ಮಾಡಿ, ಅಂಚಿನಿಂದ ಒಳಕ್ಕೆ ಒರೆಸುತ್ತ ಹೋದೆ. ಮೊದಲು ‘ವಾಲ್ಟರ್’ ಕಾಣಿಸಿತು, ಆಮೇಲೆ ‘ಲಿಂಡ್ರಮ್’. ಅದರ ಕೆಳಗೆ ನಾಲ್ಕು ಅಂಕಿ: 4137.

ಆ ನಾಲ್ಕು ಅಂಕಿ ಕಂಡರೆ ಕೋಲಿನ ವಯಸ್ಸು ಅರ್ಧ ತಿಳಿದಂತೆ. ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ 1932ರ ಜನವರಿಯಲ್ಲಿ ಲಂಡನ್ನಿನ ಥರ್ಸ್ಟನ್ ಹಾಲಿನಲ್ಲಿ ಬಿಲಿಯರ್ಡ್ಸ್‌ನಲ್ಲಿ ಒಂದೇ ಸರದಿಗೆ 4,137 ಅಂಕ ಹೊಡೆದರು. ಒಟ್ಟು 2 ಗಂಟೆ 55 ನಿಮಿಷದ ಆ ಆಟದುದ್ದಕ್ಕೂ ಎದುರಾಳಿ ಜೋ ಡೇವಿಸ್ ಕೈಕಟ್ಟಿ ಕೂತಿರಬೇಕಾಯಿತು. ದಾಖಲೆಯಾದ ಮೇಲೆ ಆ ಸಂಖ್ಯೆಯನ್ನೇ ಬ್ಯಾಡ್ಜಿನಲ್ಲಿ ಅಚ್ಚು ಮಾಡಿ ಕ್ಯೂ ಮಾರಿದರು. ಹಾಗಾಗಿ ಈ ಕೋಲು 1932ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಎಷ್ಟು ಈಚಿನದು ಎಂಬುದನ್ನು ಬ್ಯಾಡ್ಜ್ ಹೇಳುವುದಿಲ್ಲ, ಮರ ಹೇಳಬೇಕು. ಲಿಂಡ್ರಮ್ ಈ ಕೋಲನ್ನು ಮುಟ್ಟಿದ್ದರು ಎಂದೂ ಅರ್ಥವಲ್ಲ. ಚಾಂಪಿಯನ್ನರ ಹೆಸರು ಹಾಕಿ ಮಾರುವುದು ಆ ಕಾಲದ ವ್ಯಾಪಾರದ ರೂಢಿ.

ಪಾಲಿಶ್ ಬೇಡ ಎಂದು ನಾನು ಹಟ ಹಿಡಿಯುವುದು ಈ ಬ್ಯಾಡ್ಜಿನಿಂದಾಗಿಯೇ. ನೋಡಲು ದಂತದಂತೆ ಕಂಡರೂ ಹೆಚ್ಚಿನವು ಸೆಲ್ಯುಲಾಯ್ಡಿನಂಥ ಹಳೆಯ ಪ್ಲಾಸ್ಟಿಕ್ಕು. ಥಿನ್ನರ್ ಅಥವಾ ನೇಲ್ ಪಾಲಿಶ್ ತೆಗೆಯುವ ದ್ರವ ಸೋಕಿದರೆ ಕರಗಿ ಅಂಟಾಗುತ್ತದೆ, ಅಕ್ಷರ ಮಾಯವಾಗುತ್ತದೆ. ಪಾಲಿಶ್ ಮಾಡುವವರು ಮೊದಲು ಮಾಡುವ ಕೆಲಸವೇ ಥಿನ್ನರಿನಲ್ಲಿ ಒರೆಸುವುದು. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಒಂದು ಬಟ್ಟಿನ ಮೇಲಿದ್ದ ತೂಕದ ಮುದ್ರೆಯನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ಅಳಿಸಿದ್ದೆ. ಹದಿನಾರೂವರೆ ಔನ್ಸ್ ಎಂದು ಕಾರ್ಖಾನೆಯಲ್ಲಿ ಯಾರೋ ಒಂದೊಂದೇ ಅಂಕಿಯಾಗಿ ಗುದ್ದಿದ್ದ ಗುರುತು. ನನಗೆ ಕೆಲಸ ಕಲಿಸಿದ ಮಾರ್ಕರ್ ಬೈಯಲಿಲ್ಲ, ಕೋಲನ್ನು ತೆಗೆದುಕೊಂಡು ಆ ಜಾಗವನ್ನು ಬೆರಳಿನಲ್ಲಿ ಸವರಿ ಸುಮ್ಮನೆ ಒಳಗಿಟ್ಟರು. ಆ ಮೌನ ಇವತ್ತಿಗೂ ನೆನಪಿದೆ.

ಬ್ಯಾಡ್ಜ್ ಆದಮೇಲೆ ಬೆಸುಗೆ. ಹಗುರವಾದ ಮುಂದಿನ ಮರವನ್ನೂ ಭಾರದ ಹಿಂದಿನ ಮರವನ್ನೂ, ಸಾಮಾನ್ಯವಾಗಿ ಕಪ್ಪನೆಯ ಎಬೊನಿಯನ್ನು, ಒಂದರೊಳಗೊಂದು ಹೆಣೆದಂತೆ ಕೂಡಿಸುತ್ತಾರೆ. ಇದಕ್ಕೆ ಸ್ಪ್ಲೈಸ್ ಎನ್ನುತ್ತಾರೆ. ಕಪ್ಪು ಮರ ಬಿಳಿ ಮರದೊಳಗೆ ಏರಿದ ತುದಿಗಳನ್ನು ನೋಡಿ. ದೀಪದ ಕುಡಿಯಂತೆ, ವೀಳ್ಯದೆಲೆಯ ತುದಿಯಂತೆ ಬಳುಕಿ ದುಂಡಾಗಿ ಮುಗಿದರೆ ಅದು ಕೈಕೆಲಸ. ಗರಗಸದ ಹಲ್ಲಿನಂತೆ ಚೂಪಾಗಿ, ನಾಲ್ಕೂ ಒಂದೇ ಎತ್ತರಕ್ಕೆ ನಿಂತಿದ್ದರೆ ಯಂತ್ರದ್ದು. ಹಳೆಯ ಸ್ನೂಕರ್, ಬಿಲಿಯರ್ಡ್ಸ್ ಕ್ಯೂಗಳಲ್ಲಿ ಕೈಕೆಲಸದ್ದನ್ನು ಸಂಗ್ರಾಹಕರು ಹುಡುಕುತ್ತಾರೆ. ಯಂತ್ರದ್ದು ಕ್ಲಬ್ಬುಗಳಿಗೆ ಡಜನ್ನುಗಟ್ಟಲೆ ಬರುತ್ತಿತ್ತು. ಹಾಗೆಂದು ಅದು ಕಳಪೆಯಲ್ಲ. ಅಪರೂಪವಲ್ಲ ಅಷ್ಟೇ, ಆಡಲು ಎಷ್ಟೋ ಸಲ ಅದೇ ಹೆಚ್ಚು ಗಟ್ಟಿ.

ಅಮೆರಿಕದಲ್ಲಿ ಆಡುವ ಪೂಲ್ ಎಂಬ ಆಟದ ಕ್ಯೂ ಆದರೆ ಈ ಲೆಕ್ಕ ತಿರುಗಾಮುರುಗಾ ಆಗುತ್ತದೆ, ಅಲ್ಲಿ ಅನೇಕರು ಎಡವುತ್ತಾರೆ. ಅಲ್ಲಿಯ ಹಳೆಯ ಪದ್ಧತಿಯಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಕಾಲುವೆ ತೋಡಿ ಮರ ಕೂರಿಸುತ್ತಿದ್ದರು, ಹಾಗಾಗಿ ಮೊನೆ ಸೂಜಿಯಂತೆ ಚೂಪು. ಮೊನೆ ದುಂಡಗಿದ್ದರೆ ಅದು ಎಷ್ಟೋ ಬಾರಿ ಕಂಪ್ಯೂಟರ್ ಯಂತ್ರ ತೋಡಿದ ಗುಂಡಿಗೆ ಕೂರಿಸಿದ ತುಂಡು, ಈಚಿನದು. ಇನ್ನು ಅಗ್ಗದ ಕ್ಯೂಗಳಲ್ಲಿ ಮೊನೆಯೇ ಇರುವುದಿಲ್ಲ, ಅದರ ಚಿತ್ರವನ್ನು ಅಂಟಿಸಿ ಮೇಲೆ ವಾರ್ನಿಶ್ ಹೊಡೆದಿರುತ್ತಾರೆ. ಭೂತಗನ್ನಡಿ ಹಿಡಿದರೆ ಪತ್ರಿಕೆಯ ಫೋಟೋದಲ್ಲಿ ಕಾಣುವಂಥ ಬಣ್ಣದ ಚುಕ್ಕೆಗಳು ಕಾಣುತ್ತವೆ.

ಯಾವ ಆಟದ ಕೋಲು ಎಂದು ಗೊತ್ತಾಗುವುದು ಕಷ್ಟವಲ್ಲ. ಚೆಂಡಿಗೆ ತಾಗುವ ತುದಿಯ ಚರ್ಮದ ತುಂಡಿಗೆ ಟಿಪ್ಪು ಎನ್ನುತ್ತೇವೆ, ಅದರ ಅಗಲ ಅಳೆಯಿರಿ. 9-10 ಮಿಲಿಮೀಟರ್ ಇದ್ದು, ಅದರ ಕೆಳಗೆ ಹಿತ್ತಾಳೆಯ ಬಳೆ ಇದ್ದರೆ ಸ್ನೂಕರಿನದು. 12-13 ಮಿಲಿಮೀಟರ್ ಇದ್ದು, ಬಳೆ ಬಿಳಿಯದಾಗಿದ್ದು, ಕೋಲು ಸರಿಯಾಗಿ ನಡುವೆ ಬಿಚ್ಚಿಕೊಳ್ಳುವಂತಿದ್ದರೆ ಅಮೆರಿಕನ್ ಪೂಲ್. ಸ್ನೂಕರಿನದರಲ್ಲಿ ಮುಂದಿನ ಮರ ಹೆಚ್ಚಾಗಿ ಆ್ಯಶ್, ಅದರ ಮೈಮೇಲೆ ಬಾಣದ ಮೊನೆಯಂಥ ಗೆರೆಗಳು ಒಂದರ ಮೇಲೊಂದು ಸಾಗುತ್ತವೆ. ಪೂಲ್ ಕ್ಯೂದು ಮೇಪಲ್, ಗೆರೆ ಕಂಡೂ ಕಾಣದಷ್ಟು ನುಣುಪು. ಹಳೆಯ ಸ್ನೂಕರ್ ಕೋಲಿನ ತುದಿ 11 ಮಿಲಿಮೀಟರಿಗಿಂತ ದಪ್ಪವಿದ್ದು ಉದ್ದ 55 ಅಂಗುಲಕ್ಕೆ ಇಳಿದಿದ್ದರೆ, ಯಾರೋ ಮುಂದಿನಿಂದ ಕತ್ತರಿಸಿದ್ದಾರೆ ಎಂದು ಅನುಮಾನಿಸಿ. ಮುಂದಕ್ಕೆ ಹೋದಂತೆ ಕೋಲು ಸಣ್ಣಗಾಗುವುದರಿಂದ, ಕತ್ತರಿಸಿದಷ್ಟೂ ತುದಿ ದಪ್ಪವಾಗುತ್ತದೆ.

ಅಮೆರಿಕದಿಂದ ಮಾವ ಕೊಟ್ಟದ್ದು, ಗೆಳೆಯ ಬಿಟ್ಟುಹೋದದ್ದು ಎಂದು ತರುವ ಕ್ಯೂಗಳಲ್ಲಿ ದೊಡ್ಡ ಹೆಸರುಗಳ ಗೊಂದಲ ಬರುತ್ತದೆ. ಬ್ರೂಕ್ಲಿನ್ನಿನ ಜಾರ್ಜ್ ಬಾಲಬುಷ್ಕ ಅವರ ಕೈಯ ಕ್ಯೂಗೆ ಇವತ್ತು ದೊಡ್ಡ ಬೆಲೆ. ಅವರು ತೀರಿಕೊಂಡದ್ದು 1975ರಲ್ಲಿ. ಆಮೇಲೆ ಅದೇ ಹೆಸರನ್ನು ಪರವಾನಗಿ ಪಡೆದು ಬೇರೆ ಕಂಪನಿಗಳು ಹಾಕಿವೆ, ಅದರಲ್ಲಿ ಮೋಸವೇನಿಲ್ಲ. ಆದರೆ ಹೆಸರು ಕಂಡ ಮಾತ್ರಕ್ಕೆ ಇಂಟರ್ನೆಟ್ಟಿನಲ್ಲಿ ಬೆಲೆ ಹುಡುಕಿ ಆಸೆ ಕಟ್ಟಿಕೊಳ್ಳಬೇಡಿ. ಜಾಯಿಂಟಿನ ಸ್ಕ್ರೂ ಎಷ್ಟು ದಪ್ಪ, ಒಂದು ಅಂಗುಲಕ್ಕೆ ಎಷ್ಟು ಸುತ್ತು, ಹಿಡಿಗೆ ಸುತ್ತಿದ್ದು ಲಿನನ್ ದಾರವೋ ನೈಲಾನೋ, ಇವನ್ನು ಒಂದೊಂದಾಗಿ ಹತ್ತಿರದಿಂದ ಫೋಟೋ ತೆಗೆದು ಬಲ್ಲವರಿಗೆ ತೋರಿಸಿ. ಹಿಡಿಯ ದಾರ ಕೊಳಕಾಗಿದೆ ಎಂದು ಬಿಚ್ಚಿಹಾಕಿ ತಂದವರಿದ್ದಾರೆ. ಸಾಕ್ಷಿಯನ್ನೇ ಕಸಕ್ಕೆ ಹಾಕಿದಂತೆ ಅದು.

ಈಗ ದಂತದ ವಿಷಯ. ಹಳೆಯ ದುಬಾರಿ ಅಮೆರಿಕನ್ ಕ್ಯೂಗಳಲ್ಲಿ ಬಿಳಿ ಬಳೆ ನಿಜವಾದ ಆನೆದಂತದ್ದೇ ಆಗಿರಬಹುದು. ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ಕಮಾನಿನ ಗೆರೆಗಳು ಕಂಡರೆ ದಂತ, ಪ್ಲಾಸ್ಟಿಕ್ಕಿನಲ್ಲಿ ಅವು ಇರುವುದಿಲ್ಲ. ಕೆಂಪಗೆ ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಹೇಳುವವರ ಮಾತು ಕೇಳಬೇಡಿ, ಹಳೆಯ ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ನಮ್ಮಲ್ಲಿ ದಂತದ ವ್ಯಾಪಾರ ನಿಷಿದ್ಧ, ಆಫ್ರಿಕದ ಆನೆಯದಾದರೂ ಅಷ್ಟೇ. ಅನುಮಾನ ಬಂದರೆ ಮಾರುವ ಮಾತನ್ನು ಬದಿಗಿಟ್ಟು ಅರಣ್ಯ ಇಲಾಖೆಯವರನ್ನು ಕೇಳಿ. ಹಾಗೆ ಅನುಮಾನವಿದ್ದ ಕೆಲಸವನ್ನು ನಾನು ಕೈಗೆತ್ತಿಕೊಳ್ಳುವುದಿಲ್ಲ.

ಕೋಲು ನೆಟ್ಟಗಿದೆಯೇ ಎಂದು ನೋಡಲು ಎಲ್ಲರೂ ಟೇಬಲ್ ಮೇಲೆ ಉರುಳಿಸುತ್ತಾರೆ. ಬಟ್ಟಿನಲ್ಲಿ ಚಪ್ಪಟೆ ಭಾಗವಿರುವ ಕ್ಯೂ ಎಷ್ಟೇ ನೆಟ್ಟಗಿದ್ದರೂ ಟಕಟಕ ಎನ್ನುತ್ತದೆ. ಅದರ ಬದಲು ಬಟ್ಟನ್ನು ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಟಿಪ್ಪಿನವರೆಗೆ ನೋಟ ಹಾಯಿಸುತ್ತ ನಿಧಾನವಾಗಿ ತಿರುಗಿಸಿ. ಕೊಳಲು ಕೊಳ್ಳುವವರು ಬಿದಿರು ನೋಡುವಂತೆ. ಕೂದಲೆಳೆಯಷ್ಟು ಬಾಗಿದ್ದರೆ ಚಿಂತೆಯಿಲ್ಲ, ಮರ ಎಂದಮೇಲೆ ಅಷ್ಟು ಇದ್ದದ್ದೇ. ನಂತರ ಗೆಣ್ಣಿನಿಂದ ಬಟ್ಟಿನ ಮೇಲೆ ತಟ್ಟಿ ಕಿವಿಗೊಡಿ. ಒಡಕು ದನಿ ಅಥವಾ ಝುಮ್ಮೆನ್ನುವ ಸದ್ದು ಬಂದರೆ ಒಳಗಿನ ಅಂಟು ಬಿಟ್ಟಿದೆ. ಆ ಕಾಲದ ಅಂಟು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ್ದು. ಬಿಸಿ ಮತ್ತು ತೇವ ಎರಡೂ ಅದಕ್ಕೆ ಆಗದು. ಬೇಸಿಗೆಯಲ್ಲಿ ಕಾದು, ಮಳೆಗಾಲದಲ್ಲಿ ನೀರಾವಿ ಕುಡಿಯುವ ಮಲೆನಾಡಿನ ಅಟ್ಟ ಅದಕ್ಕೆ ಕೆಟ್ಟ ಜಾಗ.

ಇಷ್ಟೆಲ್ಲ ನೋಡಿದ ಮೇಲೆ ತಾನೇ ಏನು ಮಾಡಬೇಕೆಂಬ ಮಾತು? ನನ್ನ ತೂಗುವಿಕೆ ಹೀಗೆ. ಬೆಸುಗೆ ಗಟ್ಟಿಯಿದ್ದು ಕೋಲು ನೆಟ್ಟಗಿದ್ದರೆ, ಮನೆಯಲ್ಲಿ ಆಡುವವರಿದ್ದರೆ, ಆಡಲಿ. ಹೊಸ ಚರ್ಮದ ಟಿಪ್ಪು, ಸಡಿಲವಾದ ಬಳೆಗೆ ಅಂಟು, ಬಟ್ಟಿಗೆ ಹಸಿ ಅಗಸೆ ಎಣ್ಣೆಯ ಒಂದು ತೆಳು ಲೇಪ. ಇಷ್ಟರಿಂದ ಕ್ಯೂದ ಹಳೆಯ ಗುರುತು ಒಂದೂ ಹೋಗುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ, ಅಗಸೆ ಎಣ್ಣೆ ಒಣಗುವಾಗ ತಾನೇ ಕಾದು ಬೆಂಕಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಿ. ಶಾಫ್ಟಿಗೆ, ಅಂದರೆ ಮುಂದಿನ ಮರಕ್ಕೆ, ಸ್ಯಾಂಡ್ ಪೇಪರ್ ಹಾಕುವ ಆಸೆಯಾದರೆ ಕೈ ತಡೆದುಕೊಳ್ಳಿ. 9.5 ಮಿಲಿಮೀಟರ್ ಇದ್ದ ತುದಿ 9ಕ್ಕೆ ಇಳಿದರೆ ಆ ಅರ್ಧ ಮಿಲಿಮೀಟರ್ ಮರವನ್ನು ಯಾವ ಬಡಗಿಯೂ ಹಿಂದಕ್ಕೆ ತಂದುಕೊಡಲಾರ. ಕಾರಿನಲ್ಲಿ ಹಿಡಿಸುವುದಿಲ್ಲ ಎಂದು ಇಡೀ ಕೋಲನ್ನು ನಡುವೆ ಕತ್ತರಿಸಿ ಜಾಯಿಂಟ್ ಹಾಕಿಸಲು ಬರುತ್ತಾರೆ. ಬ್ಯಾಡ್ಜ್ ಇರುವ ಕೈಕೆಲಸದ ಕ್ಯೂ ಆದರೆ ನಾನು ಒಲ್ಲೆ ಎನ್ನುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪಿವಿಸಿ ಪೈಪು ಐದಡಿ ಕತ್ತರಿಸಿಕೊಡುತ್ತಾರೆ, ಎರಡೂ ತುದಿಗೆ ಮುಚ್ಚಳ ಹಾಕಿದರೆ ಬಸ್ಸಿನ ಮೇಲೂ ಹೋಗುತ್ತದೆ.

ಮಾರುವುದಾದರೆ ಇದ್ದಂತೆಯೇ ಮಾರಿ. ಸಂಗ್ರಾಹಕರು ಕೇಳುವುದು ಮೂಲ ಉದ್ದ, ಓದಲು ಬರುವ ಬ್ಯಾಡ್ಜ್, ಕೊರೆಯದ ಬಟ್. ಕ್ಯೂ ಜೊತೆ ತಗಡಿನ ಉದ್ದನೆಯ ಕಪ್ಪು ಕೊಳವೆ ಸಿಕ್ಕಿದ್ದರೆ ಗುಜರಿಗೆ ಹಾಕಬೇಡಿ, ಅದರ ಮೇಲೆ ಬಣ್ಣದಲ್ಲಿ ಬರೆದ ಎರಡು ಅಕ್ಷರದಿಂದ ಕೋಲು ಯಾರದೆಂದು ತಿಳಿಯಬಹುದು. ಬಾಗಿ ಬಿಲ್ಲಾದದ್ದು, ಹುಳು ಹಿಡಿದದ್ದು ಆಟಕ್ಕೆ ಬಾರದು. ಬಿಸಿ ಹಾಯಿಸಿ, ಭಾರ ಹೇರಿ ನೆಟ್ಟಗೆ ಮಾಡುತ್ತೇವೆ ಎನ್ನುವವರಿದ್ದಾರೆ, ಮುಂದಿನ ಮಳೆಗಾಲಕ್ಕೆ ಮತ್ತೆ ಬಾಗುತ್ತದೆ. ಅಂಥದ್ದನ್ನು ಗೋಡೆಗೆ ಒರಗಿಸದೆ, ಎರಡು ಕಡೆ ಆಧಾರ ಕೊಟ್ಟು ಅಡ್ಡಲಾಗಿ ಇಡಿ.

ಚಿಕ್ಕಮಗಳೂರಿನ ಆ ಕ್ಯೂ ಯಂತ್ರದ ಸ್ಪ್ಲೈಸಿನದು. ಚೂಪು ಹಲ್ಲುಗಳನ್ನು ತೋರಿಸಿ, ಇದು ಲಕ್ಷಾಂತರ ರೂಪಾಯಿಯದ್ದಲ್ಲಮ್ಮ ಎಂದೆ. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ. ಬಳೆಯ ಕೆಳಗೆ ಒಂದು ಗೇಣು ಮರ ಉಳಿದ ಭಾಗಕ್ಕಿಂತ ಕಪ್ಪಾಗಿ, ಸವೆದು ಹೊಳೆಯುತ್ತಿತ್ತು. ಎಡಗೈ ಬೆರಳುಗಳ ಸೇತುವೆಯಲ್ಲಿ ಕೋಲು ಜಾರಿಜಾರಿ ಆಗುವ ಸವೆತ ಅದು. ಅಲ್ಲಿ ಕೈಯಿಡಿ ಎಂದೆ. ‘ಅಜ್ಜ ಇದನ್ನ ಬರೀ ಇಟ್ಕೊಂಡಿದ್ರು ಅಂದ್ಕೊಂಡಿದ್ವಿ ಸಾರ್. ಆಡ್ತಾನೂ ಇದ್ರಾ?’ ಎಂದು ಕೇಳಿದರು. ಅಜ್ಜನೋ ದೊರೆಯೋ ನಾನು ಹೇಳಲಾರೆ, ಆದರೆ ಯಾರೋ ವರ್ಷಗಟ್ಟಲೆ ಆಡಿದ್ದಾರೆ ಎಂದೆ. ಟಿಪ್ಪು ಮಾತ್ರ ಹಾಕಿಸಿಕೊಂಡರು. ಆ ಕಪ್ಪನ್ನು ತೆಗೆಯಬೇಡಿ ಎಂದು ಅವರೇ ಎರಡು ಸಲ ಹೇಳಿ, ಪಂಚೆಯಲ್ಲಿ ಮತ್ತೆ ಸುತ್ತಿಕೊಂಡು ಹೊರಟರು.